ಗೌರವ್ವನ ಮನೆಯಿಂದ ಬಂದ ಪುಸ್ತಕ

ಖಾನಾಪುರದ ಹಿತ್ತಲ ಬಾಗಿಲುಗಳನ್ನು ಹೀರಾಬಾಯಿ ಬಲ್ಲಷ್ಟು ಚೆನ್ನಾಗಿ ಇನ್ನಾರೂ ಬಲ್ಲವರಿರಲಿಲ್ಲ. ಯಾರ ಹಿತ್ತಲಲ್ಲಿ ನಾಯಿ ಕಟ್ಟಿದೆ, ಯಾರ ಬಚ್ಚಲ ನೀರು ದಾರಿಗೆ ಹರಿಯುತ್ತದೆ, ಯಾರ ಮನೆಯ ಅಗಳಿ ಸಡಿಲ, ಎಲ್ಲ ಅವಳಿಗೆ ಗೊತ್ತು. ಗಂಡ ಸತ್ತು ಏಳು ವರ್ಷವಾಗಿತ್ತು. ಮುಂಜಾನೆ ವಿಧವೆಯೊಬ್ಬಳು ಮುಂಬಾಗಿಲಿಗೆ ಬಂದು ನಿಂತರೆ ಮನೆಯವರ ಮುಖ ಹೇಗಾಗುತ್ತದೆ ಎಂಬುದನ್ನು ಎರಡು ಸಲ ನೋಡಿದವಳು, ಮೂರನೆಯ ಸಲ ನೋಡುವುದೇ ಬೇಡವೆಂದು ತಾನಾಗಿಯೇ ಹಿಂದಿನ ಓಣಿ ಹಿಡಿದಿದ್ದಳು. ಹಾಗೆ ಮಾಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿಸಿಕೊಳ್ಳುವ ತನಕ ಕಾಯುವ ಹೆಂಗಸೂ ಅವಳಲ್ಲ. ಮಾನದ ವಿಷಯದಲ್ಲಿ ಹೀರಾಬಾಯಿಯ ಮೂಗು ಯಾವಾಗಲೂ ಒಂದು ಗೇಣು ಮೇಲೆಯೇ.

ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವಾದ ಮೇಲೆ ಬಂದ ಎರಡನೆಯ ಬೇಸಿಗೆ ಅದು. ಅಲ್ಲಿನ ರವಿವಾರ ಪೇಟೆಯ ನಾಲ್ಕಾರು ವ್ಯಾಪಾರಿಗಳಿಗೆ ಅಧಿವೇಶನದಲ್ಲಿ ಹತ್ತಿದ ಸೇವೆಯ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಖಾದಿ ಟೊಪ್ಪಿಗೆ ತಲೆಯ ಮೇಲಿನಿಂದ ಇಳಿದರೂ ಹುಚ್ಚು ಇಳಿದಿರಲಿಲ್ಲ ಎನ್ನಿ. ಅವರು ಖಾನಾಪುರದ ಪುಟ್ಟ ವಾಚನಾಲಯಕ್ಕೆ ಒಂದು ಟ್ರಂಕು ತುಂಬ ಕನ್ನಡ, ಮರಾಠಿ ಪುಸ್ತಕಗಳನ್ನು ರೈಲಿನಲ್ಲಿ ಕಳಿಸಿ ಒಂದು ಯೋಜನೆ ಹಾಕಿಕೊಟ್ಟಿದ್ದರು. ಸಾಲೆಗೆ ಬೇಸಿಗೆಯ ಸೂಟಿ ಬಿಟ್ಟ ದಿನದಿಂದ ಮಳೆ ಹಿಡಿಯುವ ತನಕ ಹನ್ನೆರಡು ಪುಸ್ತಕ ಓದಿ ಮುಗಿಸಿದ ಮಕ್ಕಳ ಹೆಸರನ್ನು ಹಲಗೆಯ ಮೇಲೆ ಬರೆಯುವುದು, ಅವರನ್ನು ಬೆಳಗಾವಿಗೆ ಕರೆದೊಯ್ದು ಒಂದೊಂದು ಪುಸ್ತಕ ಕೈಗಿಡುವುದು. ವಾಚನಾಲಯದ ಕಟ್ಟೆಯ ಮೇಲೆ ಗಂಡಸರು ವರ್ತಮಾನಪತ್ರ ಹಿಡಿದು ಕೂತಿರುತ್ತಿದ್ದುದರಿಂದ ಹೆಂಗಸರೂ ದೊಡ್ಡ ಹುಡುಗಿಯರೂ ಆ ಕಡೆ ಕಾಲಿಡುವಂತಿರಲಿಲ್ಲ. ಅವರಿಗೆ ಪುಸ್ತಕವನ್ನು ಮನೆಗೇ ಮುಟ್ಟಿಸಿ, ಓದಿದ್ದನ್ನು ಮರಳಿ ತರುವ ಕೆಲಸ, ವಾಚನಾಲಯಕ್ಕೂ ಹಿಂಬಾಗಿಲಿನಿಂದಲೇ ಹೋಗಿಬರುತ್ತಿದ್ದ ಹೀರಾಬಾಯಿಯ ಪಾಲಿಗೆ ಬಂದಿತ್ತು. ಜೈನ ವಿಧವೆಯರ ಆಶ್ರಮದಲ್ಲಿ ನಾಲ್ಕು ವರ್ಷ ಓದು ಬರಹ ಕಲಿತವಳು ಅವಳು. ಬೆಳಗಾದರೆ ಹೋಗಲೊಂದು ಕಡೆ, ಹೆಗಲಿಗೊಂದು ಚೀಲ, ದಾರಿ ಕಾಯುವ ಇಪ್ಪತ್ತು ಮನೆಗಳು. ಏಳು ವರ್ಷದಲ್ಲಿ ಮೊದಲ ಸಲ ಅವಳು ಸಂತೋಷವಾಗಿದ್ದಳು.

ಆ ಟ್ರಂಕಿನ ತಳದಿಂದ ಕೊನೆಗೆ ಹೊರಬಂದ, ಮಕ್ಕಳೆಲ್ಲ ತನಗೇ ಮೊದಲು ಬೇಕೆಂದು ಜಗಳಾಡಿದ ಒಂದು ಪುಸ್ತಕವಿತ್ತು. ಮಡಿವಾಳನ ಕತ್ತೆಯೊಂದು ಸಮುದ್ರ ನೋಡಬೇಕೆಂದು ಹಟ ಹಿಡಿದು, ಹೊತ್ತ ಗಂಟು ಹೊತ್ತುಕೊಂಡೇ ಘಟ್ಟದ ಕಡೆ ಹೊರಟ ಕಥೆ. ಅದನ್ನು ಗೌರವ್ವನ ಮಗ ಸಾತಪ್ಪ ಒಯ್ದಿದ್ದ. ಹತ್ತು ವರ್ಷದ ಹುಡುಗ, ಹನ್ನೊಂದು ಪುಸ್ತಕ ಮುಗಿಸಿದ್ದ, ಇದು ಹನ್ನೆರಡನೆಯದು. ದಿನ ಬಿಟ್ಟು ದಿನ ತಾನೇ ವಾಚನಾಲಯಕ್ಕೆ ಓಡಿ ಬರುತ್ತಿದ್ದವನು ಎರಡು ವಾರವಾದರೂ ಬಂದಿರಲಿಲ್ಲ. ಉಳಿದ ಮಕ್ಕಳು ವಾಚನಾಲಯ ನೋಡಿಕೊಳ್ಳುವ ಕಲ್ಲಯ್ಯನವರ ಪ್ರಾಣ ತಿನ್ನುತ್ತಿದ್ದರು. ಕಲ್ಲಯ್ಯನವರು ನಶ್ಯದ ಡಬ್ಬಿ ಮುಚ್ಚಿ, "ಬಾಯಾರ, ನೀವs ಒಂದೀಟು ಹೋಗಿ ಇಸಕೊಂಡು ಬರ್ರಿ" ಎಂದರು.

ಸೋಮವಾರ ಹೀರಾಬಾಯಿ ಹೋದಳು, ಎಂದಿನಂತೆ ಹಿಂದಿನ ಓಣಿಯಿಂದ. ಗೌರವ್ವ ಹಿತ್ತಲಲ್ಲೇ ಇದ್ದಳು. ಇವಳನ್ನು ನೋಡಿದ್ದೇ ಒಳಗೆ ಹೋಗಿ ಪುಸ್ತಕ ತಂದು, ಕೈಗೆ ಕೊಡದೆ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಒಂದು ಮಾತೂ ಆಡದೆ ಬಾಗಿಲು ಮುಚ್ಚಿಕೊಂಡಳು. ಬಾಗಿಲು ಮುಚ್ಚುವ ಮುಂಚೆ ಏನೋ ಹೇಳುವವಳಂತೆ ಒಂದು ಗಳಿಗೆ ನಿಂತಿದ್ದಳು. ಹೀರಾಬಾಯಿಯ ಕಣ್ಣು ತುಂಬಿ ಬಂತು. ಗೌರವ್ವ ಅಂಥವಳಲ್ಲ ಎಂದುಕೊಂಡಿದ್ದೆ, ಇವಳೂ ಹಾಗೆಯೇ ಆದಳೇ ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಸಾತಪ್ಪ ಎಲ್ಲಿ ಎಂದು ಕೇಳಲು ಆ ಒಂದು ಗೇಣಿನ ಮೂಗು ಬಿಡಲಿಲ್ಲ.

ಮನೆಯಲ್ಲಿ ಒಂಬತ್ತು ವರ್ಷದ ಮಗಳು ಜಿನಮತಿ ಚೀಲಕ್ಕೇ ಕೈ ಹಾಕಿದಳು. ಕತ್ತೆಯ ಪುಸ್ತಕಕ್ಕಾಗಿ ಎರಡು ವಾರದಿಂದ ಕಾದವಳು ಅವಳು. ಒಂದೆರಡು ದಿನ ಓದಿಕೊಳ್ಳಲಿ, ಆಮೇಲೆ ಮುಂದಿನ ಮನೆಗೆ ಕೊಟ್ಟರಾಯಿತು ಎಂದು ತಾಯಿ ಸುಮ್ಮನಾದಳು. ಮಂಗಳವಾರ ಬುಧವಾರ ಎರಡೂ ದಿನ ಹುಡುಗಿ ಪುಸ್ತಕ ಬಿಟ್ಟು ಏಳಲಿಲ್ಲ. ಓದುತ್ತ ನಕ್ಕಳು, ಓದುತ್ತ ಉಂಡಳು, ಮಧ್ಯಾಹ್ನ ಅದನ್ನೇ ಎದೆಯ ಮೇಲೆ ಬೋರಲು ಹಾಕಿಕೊಂಡು ಮಲಗಿದಳು. ಗುರುವಾರ ಹೀರಾಬಾಯಿ ಅದನ್ನು ಚಂದ್ರವ್ವನ ಮನೆಗೆ ಕೊಟ್ಟು ಬಂದಳು. ಹೆಂಚಿನ ವ್ಯಾಪಾರಿಯ ಹೆಂಡತಿ ಚಂದ್ರವ್ವ, ದೊಡ್ಡ ಗಂಟಲಿನ ಹೆಂಗಸು, ಓದುವ ಮಗಳೊಬ್ಬಳು, ಎಂಟು ತಿಂಗಳ ಕೂಸೊಂದು.

ಶುಕ್ರವಾರ ಹಿಂದಿನ ಓಣಿಯಲ್ಲಿ ಹೆಂಚಿನ ಚಕ್ಕಡಿಯೊಂದು ಅಚ್ಚು ಮುರಿದು ಅಡ್ಡ ಬಿದ್ದಿತ್ತು. ಮಳೆಗೆ ಮುಂಚೆ ಊರೆಲ್ಲ ಸೂರು ಸರಿಮಾಡಿಸುವ ದಿನಗಳು. ದಾಟಿ ಹೋಗಲು ದಾರಿಯಿಲ್ಲದೆ ಹೀರಾಬಾಯಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ಮುಂದಿನ ಬೀದಿಗೆ ಬಂದಳು. ಗೌರವ್ವನ ಮನೆಯ ಮುಂದೆ ಬಂದಾಗ ಅವಳ ಕಾಲು ತಾವಾಗಿಯೇ ನಿಂತವು.

ಬಾಗಿಲ ಚೌಕಟ್ಟಿಗೆ ಬೇವಿನ ಸೊಪ್ಪು ಕಟ್ಟಿತ್ತು. ಸಿಡುಬು ಹೊಕ್ಕ ಮನೆಗೆ ಕಟ್ಟುವ ಸೊಪ್ಪು, ಯಾರೂ ಒಳಗೆ ಬರಬೇಡಿ ಎನ್ನುವ ಸೊಪ್ಪು. ಅದು ಇಂದು ಕಟ್ಟಿದ್ದಾಗಿರಲಿಲ್ಲ. ಎಲೆಗಳು ಮುದುಡಿ ಕಂದಿ, ಮುಟ್ಟಿದರೆ ಪುಡಿಯಾಗುವ ಹಾಗೆ ಒಣಗಿದ್ದವು. ಕಟ್ಟಿ ವಾರದ ಮೇಲಾಗಿತ್ತು. ಅಂದರೆ ಸೋಮವಾರಕ್ಕೂ ಮುಂಚೆ.

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಾಗಲಿಲ್ಲ. ಜಿನಮತಿ ಅಂಗಳದಲ್ಲಿ ಗಜ್ಜುಗ ಆಡುತ್ತಿದ್ದಳು. ಹೀರಾಬಾಯಿ ಅವಳನ್ನು ಬಿಸಿಲಿಗೆ ಎಳೆದು ಹಣೆ ಮುಟ್ಟಿದಳು, ನಾಲಿಗೆ ಚಾಚಿಸಿದಳು, ಅಂಗೈ ತಿರುವಿ ನೋಡಿದಳು. ಕುತ್ತಿಗೆಯಲ್ಲಿ ಬೆವರುಸಾಲೆಯ ನಾಲ್ಕು ಗುಳ್ಳೆ ಕಂಡು ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿದಳು. "ಬಿಸಲಿಗೆ ಬಂದಾವ ಅವ್ವಾ, ದಿನಾ ಇರತಾವಲ್ಲ" ಎಂದಳು ಹುಡುಗಿ. ದಿನವೂ ಇರುತ್ತಿದ್ದವು ನಿಜ. ಆದರೆ ಹೀರಾಬಾಯಿ ಅವಳ ಕೈ ಬಿಡಲಿಲ್ಲ, ಏಕೆಂದರೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು.

ಜಿನಮತಿಗೆ ಸಿಡುಬು ತಡೆಯುವ ದೇವಿ ಹಾಕಿಸಿರಲಿಲ್ಲ. ಮೂರು ವರ್ಷದ ಹಿಂದೆ ತೋಳಿಗೆ ಚುಚ್ಚಿ ದೇವಿ ಹಾಕುವ ಸರಕಾರದ ಮನುಷ್ಯ ಓಣಿಗೆ ಬಂದಿದ್ದ. ಆ ಔಷಧಿಯನ್ನು ಎಳೆಗರುವಿನ ಹೊಟ್ಟೆ ಗೀರಿ, ಅಲ್ಲಿ ಎದ್ದ ಹುಣ್ಣಿನಿಂದ ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರು. ಹೊತ್ತು ಮುಳುಗಿದ ಮೇಲೆ ಹುಳು ಬಿದ್ದೀತೆಂದು ಉಣ್ಣದವಳು, ಇರುವೆಯ ಸಾಲು ಕಂಡರೆ ದಾರಿ ಬಿಟ್ಟು ನಡೆಯುವವಳು, ಕರುವಿನ ನೋವನ್ನು ಮಗಳ ಮೈಯೊಳಗೆ ಹಾಕಿಸಿಯಾಳೇ. ಹುಡುಗಿಯನ್ನು ಬೆಳಗಾವಿಯ ಅಣ್ಣನ ಮನೆಗೆ ದಾಟಿಸಿ, "ನಮ್ಮಕಿಗೆ ಬೆಳಗಾವ್ಯಾಗs ಹಾಕಿಸೇವ್ರಿ" ಎಂದುಬಿಟ್ಟಿದ್ದಳು. ಜೈನರ ಬಾಯಿಂದ ಸುಳ್ಳು ಬರದು ಎಂಬ ನಂಬಿಕೆ ಓಣಿಗಿತ್ತು, ಯಾರೂ ಮರುಮಾತು ಕೇಳಲಿಲ್ಲ. ಕರುವಿನ ಮೇಲೆ ತೋರಿದ ದಯೆ ಮಗಳ ತೋಳನ್ನು ಬರಿದಾಗಿಟ್ಟಿತು ಎಂದು ಈಗ ಅವಳಿಗೆ ಅನ್ನಿಸಿತು. ಆ ಯೋಚನೆ ಪಾಪವೋ ಪುಣ್ಯವೋ ತಿಳಿಯುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅಂದೇ ಮಧ್ಯಾಹ್ನ ಚಂದ್ರವ್ವನ ಹಿತ್ತಲಿಗೆ ಹೋಗಿ, "ಆ ಪುಸ್ತಕದ ಹೊಲಿಗಿ ಬಿಚ್ಚೈತ್ರಿ, ಕಟ್ಟಿಸಬೇಕು" ಎಂದಳು. ಮೂರು ವರ್ಷದ ಹಿಂದೆ ಒಂದು ಸುಳ್ಳು ಹೇಳಿದ ಬಾಯಿಗೆ ಎರಡನೆಯದು ಸಲೀಸಾಗಿ ಬಂತು. ಚಂದ್ರವ್ವ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಒಳಗಿನಿಂದ ಪುಸ್ತಕ ತಂದು ಕಟ್ಟೆಯ ಮೇಲಿಟ್ಟಳು. ರಟ್ಟಿನ ಮೇಲೆ ಅರಿಶಿನದ ಬೊಟ್ಟಿತ್ತು. ಅದೇಕೆ ಎಂದು ಕೇಳಲು ಹೀರಾಬಾಯಿಗೆ ಧೈರ್ಯ ಬರಲಿಲ್ಲ.

ಊರಿನ ದವಾಖಾನೆಗೆ ಹೋದರೆ ಹಳೆಯ ಸುಳ್ಳು ಬಯಲಾದೀತೆಂದು ಶನಿವಾರ ಬೆಳಗಿನ ರೈಲಿಗೆ ತಾಯಿ ಮಗಳು ಬೆಳಗಾವಿಗೆ ಹೋದರು. ಮಾಮನ ಮನೆಗೆ ಹೋಗುತ್ತೇವೆಂದು ಹುಡುಗಿ ಕಿಡಕಿಯಲ್ಲಿ ಮುಖವಿಟ್ಟು ಹಾಡುತ್ತಿದ್ದಳು. ರವಿವಾರ ಪೇಟೆಯ ಗೋಣಿಚೀಲಗಳ, ಹಮಾಲರ ನಡುವೆ ದಾರಿ ಮಾಡಿಕೊಂಡು ಅದರಾಚೆಯ ದವಾಖಾನೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಡಾಕ್ಟರರು ಕನ್ನಡಕದ ಮೇಲಿನಿಂದ ನೋಡಿ, ಮನೆಯ ಹತ್ತಿರ ಸಿಡುಬು ಇದೆಯೇ ಎಂದು ಕೇಳಿದರು. ಹೀರಾಬಾಯಿ ಇದ್ದದ್ದನ್ನು ಹೇಳಿದಳು, ಪುಸ್ತಕದ ಮಾತನ್ನೂ ಹೇಳಿದಳು.

"ಎಷ್ಟ ದಿನಾ ಆತು ಮುಟ್ಟಿ?"

"ಸೋಮವಾರ ಸಂಜೀಕ ತಂದದ್ದು ರೀ. ನಾಕ ದಿನಾ ತುಂಬಿ ಐದ ನಡದೈತಿ."

ಡಾಕ್ಟರರು ಬೆರಳು ಮಡಿಚಿ ದಿನ ಎಣಿಸಿದರು. "ಮೂರ ನಾಕ ದಿನದಾಗ ಹಾಕಿದ್ರ ತಡಕೊಳ್ಳತೈತಿ" ಎಂದರು ಅವರು. "ಈಗ ಖಾತ್ರಿ ಹೇಳಾಕ ಬರೂದಿಲ್ಲ. ಹದಿನಾಲ್ಕ ದಿನಾ ನೋಡಬೇಕು. ಹಾಕಲೇನು?"

"ಆ ಕರಾ... ಔಷಧಿ ತಗದ ಮ್ಯಾಲ ಬದುಕತೈತೇನ್ರಿ?"

"ಮೊದಲ ಮಗಳ ಸುದ್ದಿ ಕೇಳ್ರಿ, ಬಾಯಿ" ಎಂದರು ಡಾಕ್ಟರರು. ಕಟುವಾಗಿ ಹೇಳಲಿಲ್ಲ. ಹೀರಾಬಾಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳುತ್ತ ಮಗಳ ತೋಳನ್ನು ಮುಂದೆ ಹಿಡಿದಳು. ಚುಚ್ಚುವಾಗ ಜಿನಮತಿ ಅಳಲಿಲ್ಲ, ತಾಯಿ ಅತ್ತಳು.

ಡಾಕ್ಟರರು ಕೈ ತೊಳೆಯುತ್ತ ಕೇಳಿದರು. "ಆ ಪುಸ್ತಕ ಇನ್ನ ಯಾರ ಮನಿಗೆ ಹೋಗಿತ್ತು?"

ಒಂದು ಹೆಸರು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಇಪ್ಪತ್ತು ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚುವುದೂ ಕಂಡಿತು. ಪುಸ್ತಕದ ಬೆನ್ನಿಗೆ ಜಡ್ಡು ಬಂತು, ರಂಡಮುಂಡೆ ಹೊತ್ತು ತಂದಳು ಎಂದು ಊರು ಆಡುವುದು ಕೇಳಿಸಿತು. "ಯಾರ ಮನಿಗೂ ಇಲ್ರಿ" ಎಂದಳು ಹೀರಾಬಾಯಿ.

ತಿರುಗಿ ಬರುವ ರೈಲಿನಲ್ಲಿ ಜಿನಮತಿ ಅವಳ ತೊಡೆಯ ಮೇಲೆ ನಿದ್ದೆ ಹೋದಳು. ಹೀರಾಬಾಯಿ ದಿನಗಳನ್ನು ಎಣಿಸಿದಳು. ಗುರುವಾರ ಕೊಟ್ಟದ್ದು. ಶುಕ್ರವಾರ ಒಂದು, ಶನಿವಾರ ಎರಡು. ಚಂದ್ರವ್ವನ ಮಗಳಿಗೆ ಮೂರು ವರ್ಷದ ಹಿಂದೆಯೇ ದೇವಿ ಹಾಕಿತ್ತು, ಆಮೇಲೆ ಹುಟ್ಟಿದ ಕೂಸಿಗೆ ಇನ್ನೂ ಹೊತ್ತಿತ್ತು. ತನ್ನ ಮಗಳಿಗೆ ಇಲ್ಲದ ಹೊತ್ತು ಆ ಕೂಸಿಗೆ ಇತ್ತು, ಅದನ್ನು ತಾನು ಬಾಯಿ ಮುಚ್ಚಿಕೊಂಡು ಕಳೆಯುತ್ತಿದ್ದಳು. ಆ ಕೂಸಿಗೆ ಇನ್ನೂ ಎರಡೇ ಹಲ್ಲು, ಇವಳನ್ನು ನೋಡಿದರೆ ಕೈ ಚಾಚುತ್ತಿತ್ತು. ಈ ಊರಿನಲ್ಲಿ ಇವಳನ್ನು ನೋಡಿ ಕೈ ಚಾಚುವವರು ಹೆಚ್ಚು ಮಂದಿಯಿರಲಿಲ್ಲ. ದೇಸೂರು ದಾಟುವ ಹೊತ್ತಿಗೆ ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ.

ಠೇಶನ್ನಿನಿಂದ ನೇರವಾಗಿ ಚಂದ್ರವ್ವನ ಮನೆಗೇ ಹೋದಳು. ಮಗಳನ್ನು ದೂರದ ಹುಣಸೆಮರದ ಕೆಳಗೆ ನಿಲ್ಲಿಸಿ ಹಿತ್ತಲಿಗೆ ಬಂದಳು. ಚಂದ್ರವ್ವ ಇಳಿಬಿಸಿಲಿನಲ್ಲಿ ಒಣಗಿದ ಸಂಡಿಗೆ ಕೀಳುತ್ತಿದ್ದಳು.

"ಚಂದ್ರವ್ವಾ, ನಿಮಗ ನಾ ಸುಳ್ಳ ಹೇಳೀನಿ. ಆ ಪುಸ್ತಕ ಗೌರವ್ವನ ಮನಿಯಿಂದ ಬಂದದ್ದು. ಅಲ್ಲಿ ಸಿಡಬಿನ ತಾಯಿ ಬಂದಾಳ. ನನಗ ನಿನ್ನೆ ಗೊತ್ತಾತು. ನಾಳೆ ಮುಂಜಾನೆ ಗಾಡಿಗೆ ಕೂಸಿನ್ನ ಬೆಳಗಾವಿಗೆ ಕರಕೊಂಡು ಹೋಗ್ರಿ. ಇನ್ನ ಎರಡ ದಿನಾ ಐತಿ, ತಡೀತೈತಂತ." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಬೈಗುಳಕ್ಕಾಗಿ ತಲೆ ತಗ್ಗಿಸಿ ನಿಂತಳು.

ಚಂದ್ರವ್ವ ಸಂಡಿಗೆ ಕೀಳುತ್ತಲೇ ಇದ್ದಳು. "ನನಗ ಗೊತ್ತಿತ್ತರಿ" ಎಂದಳು.

"ಏನಂದ್ರಿ?"

"ಪುಸ್ತಕ ಎಲ್ಲಿಂದ ಬಂತು ಅಂತ ಗೊತ್ತಿತ್ತು. ತಾಯಿ ಬಂದ ಮನೀ ಸಾಮಾನ ಒಲ್ಲೆ ಅಂದ್ರ ಅಕಿ ಸಿಟ್ಟಾಗ್ತಾಳಂತ ಇಸಕೊಂಡೆ. ಗ್ವಾಡಿ ಗೂಡಿನ್ಯಾಗ ಇಟ್ಟು, ಅರಿಶಿನ ಹಚ್ಚಿ, ಯಾರನೂ ಮುಟ್ಟಗೊಡಲಿಲ್ಲ. ನಮ್ಮ ಕೂಸಿಗೆ ದೇವಿ ಹಾಕಿಸಿ ಮೂರ ತಿಂಗಳಾತು."

ಹೀರಾಬಾಯಿ ತಲೆಯೆತ್ತಿದಳು. "ಗೊತ್ತಿದ್ರ ನನಗ ಯಾಕ ಒಂದ ಮಾತ ಹೇಳಲಿಲ್ಲ?"

"ನಿಮಗ ಗೊತ್ತಿಲ್ಲ ಅಂತ ನನಗೇನ ಕನಸ ಬಿದ್ದಿತ್ತೇನು?" ಚಂದ್ರವ್ವನ ದೊಡ್ಡ ಗಂಟಲು ಈಗ ಬಂತು. "ಹತ್ತ ದಿನದಿಂದ ಬಾಗಲಿಗೆ ಬೇವಿನ ತಪ್ಪಲ ಐತಿ, ಊರೆಲ್ಲಾ ನೋಡೇತಿ. ನೋಡಿದ ಮ್ಯಾಲೂ ತಂದ ಕೊಟ್ರಲ್ಲ ಇವರು, ನಮ್ಮ ಹುಡುಗರು ಇವರಿಗೆ ಅಷ್ಟ ಅಗ್ಗ ಆದರೇನು ಅಂತ ಹಲ್ಲ ಕಚ್ಚಿಕೊಂಡಿದ್ದೆ."

"ನಾ ಹಿತ್ತಲದಿಂದ ಹೋಗತೀನಲ್ರಿ."

"ಹಿತ್ತಲದಿಂದ ಬರ್ರಿ ಅಂತ ನಿಮಗ ಯಾರ ಹೇಳಿದ್ರು?"

"ಬ್ಯಾಡ ಅಂತನೂ ಯಾರೂ ಹೇಳಲಿಲ್ಲ" ಎಂದಳು ಹೀರಾಬಾಯಿ.

ಚಂದ್ರವ್ವನ ಕೈ ನಿಂತಿತು. ಆಮೇಲೆ ಹುಣಸೆಮರದ ಕಡೆ ನೋಡಿ, ಬೇರೆ ದನಿಯಲ್ಲಿ ಕೇಳಿದಳು. "ಜಿನಮತಿ ಓದಿದಳೇನು ಅದನ್ನ?"

"ಎರಡ ದಿನಾ. ಎದಿ ಮ್ಯಾಲ ಇಟಗೊಂಡು ಮಲಗಿದ್ಲು."

"ಅಕಿಗೇನ ಆಗೂದಿಲ್ಲ ಬಿಡ್ರಿ. ಬೆಳಗಾವ್ಯಾಗ ಹಾಕಿಸೀರಲ್ಲ."

"ಇವತ್ತ ಹಾಕಿಸಿದೆ" ಎಂದಳು ಹೀರಾಬಾಯಿ.

ಮರುದಿನ ಕಲ್ಲಯ್ಯನವರಿಗೂ ಎಲ್ಲ ಹೇಳಿದಳು. ಒಂದು ಸಲ ಬಾಯಿ ತೆರೆದ ಮೇಲೆ ಎರಡನೆಯದು ಅಷ್ಟು ಕಷ್ಟವಾಗಲಿಲ್ಲ. ಕಲ್ಲಯ್ಯನವರು ಬೈಯಲಿಲ್ಲ. ವಾಚನಾಲಯದ ಹಿಂದೆ ಮೂರು ಕಲ್ಲು ಹೂಡಿ, ಪುಸ್ತಕವನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಹಾಕಿದರು. "ಮೂವತ್ತ ವರ್ಷ ಸರಸ್ವತಿ ಸೇವಾ ಮಾಡಿದ ಕೈಲೆ ಇದೊಂದ ಬಾಕಿ ಇತ್ತು ನೋಡ್ರಿ" ಎಂದರು. ಕಾಲು ತಾಗಿದ ಕಾಗದವನ್ನೂ ಕಣ್ಣಿಗೊತ್ತಿಕೊಳ್ಳುವ ಹೀರಾಬಾಯಿ ರಟ್ಟು ಸುರುಟಿಕೊಳ್ಳುವುದನ್ನು ಕೊನೆಯ ತನಕ ನಿಂತು ನೋಡಿದಳು. ಮನೆಮನೆಗೆ ಪುಸ್ತಕ ಒಯ್ಯುವುದು ಅಂದಿನಿಂದ ನಿಂತಿತು. ಅವಳು ರಜಿಸ್ಟರು ತೆಗೆದು ಸಾತಪ್ಪನಿಗಿಂತ ಮುಂಚೆ ಆ ಪುಸ್ತಕ ಯಾರ ಕೈಯಲ್ಲಿತ್ತು ಎಂದು ಹುಡುಕಿದಳು. ಯಾರ ಕೈಯಲ್ಲೂ ಇರಲಿಲ್ಲ, ಬೆಳಗಾವಿಯ ಟ್ರಂಕಿನಿಂದ ನೇರ ಅವನಿಗೇ ಹೋಗಿತ್ತು. ಬೆಳಗಾವಿಯಲ್ಲಿ ಅದನ್ನು ಯಾರು ಓದಿದ್ದರು, ಯಾರ ಹಾಸಿಗೆಯ ಮೇಲೆ ಬಿದ್ದಿತ್ತು, ಅದು ರಜಿಸ್ಟರಿನಲ್ಲಿ ಬರೆದಿರಲಿಲ್ಲ. ಟ್ರಂಕಿನ ತಳದಿಂದ ಆ ಪುಸ್ತಕ ತೆಗೆದು ಸಾತಪ್ಪನಿಗೆ ಕೊಟ್ಟ ಕೈ ತನ್ನದೇ ಎಂಬುದು ಮಾತ್ರ ಅವಳಿಗೆ ನೆನಪಿತ್ತು.

ಆ ಮೇಲಿನ ದಿನಗಳನ್ನು ದಿನಗಳೆನ್ನಬಾರದು. ಬೆಳಿಗ್ಗೆ ಎದ್ದ ಕೂಡಲೇ ಮಗಳನ್ನು ಬಿಸಿಲಿಗೆ ನಿಲ್ಲಿಸುವಳು, ಮಧ್ಯಾಹ್ನ ನಿಲ್ಲಿಸುವಳು, ಹೊತ್ತು ಮುಳುಗುವ ಮುಂಚೆ ಮತ್ತೆ ನಿಲ್ಲಿಸುವಳು. ಹಣೆ, ನಾಲಿಗೆ, ಅಂಗೈ, ಅಂಗಾಲು. ಸೀನಿದರೆ ಹೆದರುವಳು, ಒಂದು ರೊಟ್ಟಿ ಕಡಿಮೆ ಉಂಡರೆ ಹೆದರುವಳು, ಹೆಚ್ಚು ಉಂಡರೂ ಹೆದರುವಳು. "ನಿನ್ನೆ ಇದ್ದಷ್ಟs ಅದಾವ ಅವ್ವಾ ಬೆವರುಸಾಲಿ, ನಾನs ಎಣಿಸೀನಿ" ಎಂದು ಹುಡುಗಿ ಸಮಾಧಾನ ಮಾಡುವಳು. ಗೌರವ್ವನ ಮನೆಯ ಕಡೆಯಿಂದ ಏನು ಸುದ್ದಿ ಬರುವುದೋ ಎಂದು ಕಿವಿ ಸದಾ ಆ ದಿಕ್ಕಿಗೇ ಇರುತ್ತಿತ್ತು. ಚಂದ್ರವ್ವ ಮಾತ್ರ ದಿನಾ ಸಂಜೆ ಬೇಲಿಯಾಚೆ ನಿಂತು, "ಹೆಂಗದಾಳ?" ಎಂದು ಕೇಳಿ ಹೋಗುತ್ತಿದ್ದಳು.

ದೇವಿ ಹಾಕಿಸಿದ ಎಂಟನೆಯ ದಿನ ಜಿನಮತಿಗೆ ಜ್ವರ ಬಂತು. ಮೈ ಕಾದ ಹಂಚಿನ ಹಾಗಿತ್ತು, ಕಣ್ಣು ಕೆಂಪಗಿದ್ದವು, ತಲೆನೋವೆಂದು ನರಳಿದಳು. ಹೀರಾಬಾಯಿ ಓಡಲಿಲ್ಲ, ಅಳಲೂ ಇಲ್ಲ. ಮಗಳ ಬಳಿ ನೆಲಕ್ಕೆ ಕೂತವಳು ಏಳಲೇ ಇಲ್ಲ. ಆ ಸಂಜೆ ಬೇಲಿಯಾಚೆಯ ಪ್ರಶ್ನೆಗೆ ಉತ್ತರ ಬರದಿದ್ದಾಗ ಚಂದ್ರವ್ವ ಕಾಲಿಗೆ ಚಪ್ಪಲಿಯಿಲ್ಲದೆ ಊರಿನ ದವಾಖಾನೆಗೆ ಹೋಗಿ ಕಂಪೌಂಡರನನ್ನು ಎಳೆದುಕೊಂಡೇ ಬಂದಳು.

ಕಂಪೌಂಡರ ತೋಳು ಬಿಚ್ಚಿ ನೋಡಿದ. ಚುಚ್ಚಿದ ಜಾಗ ಕೆಂಪಗೆ ಊದಿ, ನಡುವೆ ಮುತ್ತಿನ ಹಾಗೆ ಒಂದು ಗುಳ್ಳೆ ಎದ್ದಿತ್ತು. "ದೇವಿ ಹಿಡದೈತಿ. ಹಿಡದ್ರ ಇಷ್ಟ ಜ್ವರ ಬರೂದs" ಎಂದ. "ಎರಡ ದಿನಾ ನೋಡ್ರಿ. ಇದು ಇಳದು, ಮೈಮ್ಯಾಲೆ ಏನೂ ಏಳಲಿಲ್ಲ ಅಂದ್ರ ಹುಡುಗಿ ಗೆದ್ದಂಗ."

ಏಳದಿರಲಿ ಎಂದು ಬೇಡುತ್ತ ಆ ಎರಡು ದಿನ ಕಳೆದವು. ಮೂರನೆಯ ಬೆಳಿಗ್ಗೆ ಜಿನಮತಿಯ ಹಣೆ ತಣ್ಣಗಿತ್ತು, ಹಸಿವು ಎಂದಳು. ಅದೇ ಬೆಳಿಗ್ಗೆ ಚಂದ್ರವ್ವ ಬೇಲಿ ದಾಟಿ ಒಳಗೇ ಬಂದು, ದನಿ ತಗ್ಗಿಸಿ, ಗೌರವ್ವನ ಸಾತಪ್ಪ ಹೋದನೆಂದು ಹೇಳಿದಳು. ಹೀರಾಬಾಯಿಗೆ ಮೊದಲು ಬಂದದ್ದು ದುಃಖವಲ್ಲ. ನನ್ನದಲ್ಲ, ನನ್ನ ಮಗಳಲ್ಲ ಎಂಬ ಒಂದು ಕೆಟ್ಟ ಸಮಾಧಾನ ಮೊದಲು ಬಂತು, ಅದರ ಬೆನ್ನಿಗೆ ಅಳು. ಆ ಮೊದಲಿನದಕ್ಕಾಗಿ ಅವಳು ತನ್ನನ್ನು ಬಹಳ ವರ್ಷ ಕ್ಷಮಿಸಿಕೊಳ್ಳಲಿಲ್ಲ.

ಹದಿನಾಲ್ಕು ದಿನ ತುಂಬಿದವು, ಇಪ್ಪತ್ತಾದವು. ಜಿನಮತಿಯ ತೋಳಿನ ಹಕ್ಕಳೆ ಉದುರಿತು. ಈಗ ಹೀರಾಬಾಯಿಗೆ ಉಳಿದ ಹೆದರಿಕೆ ಒಂದೇ, ಗೌರವ್ವನನ್ನು ಎದುರಿಸುವುದು. ನೀರಿಗೆ ಹೋದರೆ ಅವಳಿಲ್ಲದ ಹೊತ್ತು ನೋಡಿ ಹೋಗುವಳು. ನಿನ್ನ ಮಗಳು ಉಳಿದಳಲ್ಲ ಎಂದು ಅವಳು ಒಂದು ಮಾತು ಅಂದರೆ ತಾನು ಎಲ್ಲಿ ಮುಖವಿಡಲಿ. ನೀನೇ ತಂದು ಕೊಟ್ಟೆ ಎಂದರೆ, ಇಲ್ಲ ಎನ್ನಲು ತನ್ನ ಬಳಿ ಏನಿದೆ.

ಮೊದಲ ಮಳೆ ಬಿದ್ದ ಮರುದಿನ ಗೌರವ್ವ ತಾನೇ ಬಂದಳು. ಅಂಗಳ ದಾಟಿ ಬರುತ್ತಿರುವುದನ್ನು ಕಿಡಕಿಯಿಂದ ನೋಡಿದ ಹೀರಾಬಾಯಿಯ ಕೈ ತಾನಾಗಿ ಅಗಳಿಗೆ ಹೋಯಿತು. ಹಾಕಲಿಲ್ಲ. ಬಾಗಿಲು ತೆರೆದು, ಕಂಬ ಹಿಡಿದು ನಿಂತಳು. ಗೌರವ್ವ ಒಂದು ತಿಂಗಳಲ್ಲಿ ಹತ್ತು ವರ್ಷ ದೊಡ್ಡವಳಾಗಿದ್ದಳು. ಕರೆಯುವ ಮುಂಚೆಯೇ ಕಟ್ಟೆಯ ಮೇಲೆ ಕೂತಳು.

"ಆ ಕತ್ತೀ ಪುಸ್ತಕ ಬೇಕಾಗಿತ್ತರಿ" ಎಂದಳು.

"ಅದನ್ನ ಸುಟ್ಟೇವಿ ಗೌರವ್ವಾ. ಸುಡಬೇಕಾತು."

ಗೌರವ್ವ ತಲೆಯಾಡಿಸಿದಳು, ಅದೂ ಹೋಯಿತೇ ಎನ್ನುವ ಹಾಗೆ. "ಅವ ದಿನಾ ಓದಿ ಹೇಳತಿದ್ದ. ನಾ ರೊಟ್ಟಿ ಬಡೀತಿದ್ದೆ, ಅವ ಓದತಿದ್ದ. ಕತ್ತಿ ಘಟ್ಟದ ಮ್ಯಾಲ ಬಂದ ನಿಂತಿತ್ತು ರೀ. ಗಾಳ್ಯಾಗ ಉಪ್ಪಿನ ವಾಸನಿ ಬಂತು ಅನ್ನೂತನಕ ಓದಿದ. ಮರುದಿನ ಕಣ್ಣ ಬಿಡಾಕ ಆಗಲಿಲ್ಲ, ರೆಪ್ಪಿ ಮ್ಯಾಲೆಲ್ಲಾ ಎದ್ದಿದ್ದವು. ಅವ್ವಾ, ಮುಂದ ಏನಾತು, ನೀ ಓದು ಅಂದ. ನನಗ ಅಕ್ಷರ ಎಲ್ಲಿ ಬರತಾವ. ಮೂರ ದಿನಾ ಅದನ್ನs ಕೇಳಿದ."

ಮಳೆಯ ನೀರು ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಗೌರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನೀವು ಬಂದ ದಿನ ಕೇಳಬೇಕಂತಿದ್ದೆ, ಒಳಗ ಬಂದು ಒಂದೀಟು ಓದಿ ಹೇಳ್ರಿ ಅಂತ. ತಾಯಿ ಮನ್ಯಾಗ ಇರುವಾಗ ಹೊರಗಿನವರ ಕೂಡ ಮಾತಾಡಬಾರದು ಅಂದಿದ್ರು ನಮ್ಮ ಅತ್ತಿ. ಬಾಯಿತನಕ ಬಂದದ್ದನ್ನ ನುಂಗಿ ಬಾಗಲಾ ಹಾಕಿದೆ. ಜಿನಮತಿ ಅದನ್ನ ಪೂರ್ತಿ ಓದ್ಯಾಳ ಅಂತ ಚಂದ್ರವ್ವ ಅಂದ್ಲು."

ಆ ತಾಯಿಯ ಕಣ್ಣೆದುರಿಗೆ ತನ್ನ ಮಗಳನ್ನು ತಂದು ನಿಲ್ಲಿಸುವುದು ಹೀರಾಬಾಯಿಗೆ ಬೇಡವಾಗಿತ್ತು. ಸಿಡುಬಿಗೆ ಹೆದರಿದ್ದಕ್ಕಿಂತ ಹೆಚ್ಚು ಅವಳು ಆ ಗಳಿಗೆಗೆ ಹೆದರಿದಳು. ಆದರೂ ಒಳಗೆ ತಿರುಗಿ, "ಜಿನಮತೀ, ಹೊರಗ ಬಾ" ಎಂದು ಕರೆದಳು.

ಜಿನಮತಿ ಬಂದು ಗೌರವ್ವನ ಮುಂದೆ ಕೂತಳು. ಘಟ್ಟದ ತುದಿಯಿಂದ ಹೇಳತೊಡಗಿದಳು. ಕತ್ತೆ ಉಪ್ಪಿನ ವ್ಯಾಪಾರಿಗಳ ಎತ್ತುಗಳ ಹಿಂದೆ ಘಟ್ಟ ಇಳಿಯಿತು. ಹೊತ್ತ ಗಂಟಿನಲ್ಲಿದ್ದ ಊರಿನವರ ಧೋತರ, ಸೀರೆಗಳು ದಾರಿಯ ಮುಳ್ಳುಕಂಟಿಗೆ ಸಿಕ್ಕಿ ಒಂದೊಂದೇ ಉದುರಿದವು. ಸಂಜೆ ದಂಡೆಗೆ ಬಂತು. ಇಷ್ಟು ನೀರೇ ಎಂದು ಬಾಯಿ ಹಾಕಿ ಕುಡಿದು, ಥೂ ಎಂದು ಉಗುಳಿತು. ಆಮೇಲೆ ಅಲೆ ಬಂದು ಅದರ ನಾಲ್ಕೂ ಕಾಲು ತೊಳೆಯಿತು, ಕತ್ತೆ ಅಲ್ಲಾಡದೆ ನಿಂತುಕೊಂಡಿತು. ಊರಿಗೆ ಮರಳಿ ಸಮುದ್ರ ನೋಡಿ ಬಂದೆ ಎಂದರೆ ಯಾರೂ ನಂಬಲಿಲ್ಲ. ಮಡಿವಾಳನ ಆಕಳು ಬಂದು ಕತ್ತೆಯ ಕಾಲು ನೆಕ್ಕತೊಡಗಿತು, ಬಿಡಿಸಿದರೂ ಬಿಡಲಿಲ್ಲ.

"ಯಾಕ?" ಎಂದಳು ಗೌರವ್ವ.

"ಕಾಲಿಗೆ ಉಪ್ಪ ಇತ್ತಲ್ರಿ."

"ಹೌದ, ಇರತೈತಿ" ಎಂದಳು ಗೌರವ್ವ. ಕೇಳಿದ ಕಥೆಯನ್ನು ತುಟಿಯಲ್ಲೇ ತಾನೂ ಹೇಳಿಕೊಂಡಳು, ಒಂದು ಕಡೆ ಮರೆತು ತಡೆದಳು. ಆಮೇಲೆ ಕೈ ಚಾಚಿ ಜಿನಮತಿಯನ್ನು ಹತ್ತಿರ ಎಳೆದುಕೊಂಡಳು.

"ಇನ್ನೊಮ್ಮೆ ಹೇಳ ತಂಗೀ, ಸಾವಕಾಶ ಹೇಳು. ಒಂದೂ ಬಿಡಬ್ಯಾಡ. ನಾ ಅವನ್ನ ಮಣ್ಣ ಮಾಡಿದಲ್ಲಿ ಹೋಗಿ ಅವಗ ಹೇಳಬೇಕು."

ಜಿನಮತಿ ತಾಯಿಯ ಮುಖ ನೋಡಿ, ಘಟ್ಟದ ತುದಿಯಿಂದ ಮತ್ತೆ ಶುರು ಮಾಡಿದಳು.